ಸಮುದ್ರ ಕಾಣದ ಬಂದರು

ಶಾಲಾ ಪ್ರವಾಸದ ಬಸ್ಸುಗಳು ಮಂಗಳೂರಿಗೆ ಹೋದರೆ ಪಣಂಬೂರಿನ ಕಡಲ ದಂಡೆ, ಕದ್ರಿ, ಕುದ್ರೋಳಿ, ಪಿಲಿಕುಳ ಇಷ್ಟನ್ನು ಮುಗಿಸಿಕೊಂಡು ಧರ್ಮಸ್ಥಳದ ದಾರಿ ಹಿಡಿಯುತ್ತವೆ. ಮಕ್ಕಳನ್ನು ಕಾಲೇಜಿಗೆ ಸೇರಿಸಲೆಂದು ಹೋಗುವ ನಮ್ಮ ಕಡೆಯ ಪಾಲಕರಿಗೂ ಹಾಸ್ಟೆಲು, ಫೀಜು, ತಿರುಗಿ ಬರುವ ರಾತ್ರಿ ಬಸ್ಸು ಇವುಗಳದೇ ಚಿಂತೆ. ಹೀಗಾಗಿ ಆ ನಗರ ಯಾವ ಓಣಿಗಳಿಂದ ಬೆಳೆಯಿತೋ ಆ ಓಣಿಗಳತ್ತ ಹಾಯುವವರು ವಿರಳ. ಆ ಭಾಗಕ್ಕೆ ಊರವರು ಹೇಳುವ ಹೆಸರು ‘ಬಂದರ್’. ಸರಕಾರಿ ಕಾಗದಗಳಲ್ಲಿ ಅದು ಹಳೆ ಬಂದರು.

ಬಂದರು ಎಂದೊಡನೆ ತಾವರಗೇರಾದಂಥ ಒಣನಾಡಿನಲ್ಲಿ ಬೆಳೆದವರ ಕಣ್ಣ ಮುಂದೆ ಬರುವುದು ಅಪ್ಪಳಿಸುವ ತೆರೆ, ದಿಗಂತದಲ್ಲಿ ಹಡಗು. ಆದರೆ ಇಲ್ಲಿಯ ಧಕ್ಕೆಯ ಮೇಲೆ ನಿಂತರೆ ಸಮುದ್ರವೇ ಕಾಣುವುದಿಲ್ಲ! ಎದುರಿಗೆ ಹರಿಯುವುದು ಗುರುಪುರ ನದಿ. ಅದರಾಚೆಗೆ ತೆಂಗಿನ ಮರಗಳು ತುಂಬಿದ ಉದ್ದನೆಯ ಮರಳಿನ ದಿಬ್ಬ, ಅದರ ಹೆಸರು ಬೆಂಗ್ರೆ. ಸಮುದ್ರವಿರುವುದು ಆ ದಿಬ್ಬದ ಬೆನ್ನ ಹಿಂದೆ.

ವಿಜ್ಞಾನದ ಪಾಠ ಹೇಳುವವರು ಸುಮ್ಮನೆ ಬಿಟ್ಟುಬಿಡುವ ಸಂಗತಿಯಲ್ಲ ಇದು. ಘಟ್ಟದಿಂದ ಪಶ್ಚಿಮಕ್ಕೆ ಇಳಿದು ಬರುವ ಗುರುಪುರ ನದಿ ಸಮುದ್ರ ಇನ್ನೇನು ಸಿಕ್ಕಿತು ಎನ್ನುವಾಗ ಥಟ್ಟನೆ ದಕ್ಷಿಣಕ್ಕೆ ತಿರುಗುತ್ತದೆ. ಕಡಲಿಗೆ ಸಮಾನಾಂತರವಾಗಿ ಕೆಲವು ಮೈಲಿ ಹರಿದು, ಕೊನೆಗೆ ನೇತ್ರಾವತಿಯ ಜೊತೆ ಸೇರಿ ಒಂದೇ ಬಾಗಿಲಿನಿಂದ ಸಮುದ್ರ ಹೊಗುತ್ತದೆ. ಆ ಬಾಗಿಲಿಗೆ ಅಳಿವೆ ಎನ್ನುತ್ತಾರೆ. ತೆರೆಗಳೂ ದಂಡೆಯ ಗುಂಟ ಸಾಗುವ ಪ್ರವಾಹವೂ ಮರಳನ್ನು ತಳ್ಳಿ ತಳ್ಳಿ ನದಿಯ ಬಾಯಿಗೆ ಅಡ್ಡಲಾಗಿ ಗೋಡೆ ಕಟ್ಟಿವೆ. ಗೋಡೆಯ ಒಳಗೆ ನೀರು ಶಾಂತ. ಚಿಕ್ಕ ಹಾಯಿಹಡಗುಗಳಿಗೆ ಇದಕ್ಕಿಂತ ಸುರಕ್ಷಿತ ತಾಣ ಬೇಕೆ? ಆದರೆ ಅದೇ ಮರಳು ಅಳಿವೆಯ ತಳದಲ್ಲೂ ಕೂತಿದ್ದರಿಂದ ಆಳ ಸಾಲದು. ದೊಡ್ಡ ಹಡಗುಗಳು ಹೊರಗೆ ಕಡಲಿನಲ್ಲೇ ಲಂಗರು ಹಾಕಬೇಕು, ದೋಣಿಗಳು ಸರಕನ್ನು ಹೊತ್ತು ಹೋಗಿ ಬಂದು ಮಾಡಬೇಕು. ಮಳೆಗಾಲದಲ್ಲಿ ಅದೂ ಬಂದ್. ಪಕ್ಕದ ಪೇಟೆಯ ಹೆಸರು ಹೊಯಿಗೆ ಬಜಾರ್. ಹೊಯಿಗೆ ಎಂದರೆ ಮರಳು.

ಇಂಥ ಕಿರಿದಾದ ಬಾಗಿಲಿನಿಂದ ಹೊಕ್ಕು ಹೊರಟ ಲೋಕ ಮಾತ್ರ ಕಿರಿದಲ್ಲ. ಕೈರೋ ನಗರದ ಹಳೆಯ ಯಹೂದಿ ಪ್ರಾರ್ಥನಾ ಮಂದಿರವೊಂದರಲ್ಲಿ, ದೇವರ ಹೆಸರಿರುವ ಕಾಗದವನ್ನು ಹರಿದೊಗೆಯಬಾರದೆಂಬ ನಂಬಿಕೆಯಿಂದ ಶತಮಾನಗಟ್ಟಲೆ ಕೂಡಿಟ್ಟ ಹಾಳೆಗಳಿದ್ದವು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಅವು ವಿದ್ವಾಂಸರ ಕೈಸೇರಿದಾಗ ಅದರಲ್ಲಿ ಮಂಗಳೂರೂ ಸಿಕ್ಕಿತು. ಟ್ಯುನೀಸಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕ 1132ರ ಹೊತ್ತಿಗೆ ಈ ಕರಾವಳಿಗೆ ಬಂದು 1149ರವರೆಗೆ ಇಲ್ಲಿಯೇ ನೆಲೆಸಿದ್ದ. ಮೆಣಸು, ಏಲಕ್ಕಿ, ಅಡಿಕೆ, ಕಬ್ಬಿಣ ಕಳಿಸುತ್ತಿದ್ದ. ಏಡನ್ನಿನ ಗೆಳೆಯರು ಒಡೆದ ತಾಮ್ರದ ಪಾತ್ರೆಗಳನ್ನು ಹಡಗಿಗೆ ಹಾಕಿ, ಇಂಥಿಂಥ ಅಳತೆಯ ಹೊಸ ಪಾತ್ರೆ ಮಾಡಿಸಿ ಕಳಿಸು ಎಂದು ಬರೆಯುತ್ತಿದ್ದರು. ಮಂಗಳೂರಿನಲ್ಲಿ ಆತನಿಗೆ ಕಂಚಿನ ಕಾರ್ಖಾನೆಯಿತ್ತು. ಕಾಗದ, ಸಕ್ಕರೆ, ಒಣದ್ರಾಕ್ಷಿ ಅಲ್ಲಿಂದ ಇಲ್ಲಿಗೆ ಬರುತ್ತಿದ್ದವು. ಅವನ ವ್ಯವಹಾರಕ್ಕಾಗಿ ಏಡನ್ನಿಗೆ ಹೋಗಿಬರುತ್ತಿದ್ದ ಆಳಿನ ಹೆಸರು ಬೊಮ್ಮ. ಹೆಸರು ಕೇಳಿದರೇ ಯಾವ ನಾಡಿನವನೆಂದು ತಿಳಿಯುತ್ತದಲ್ಲ! ಅಮಿತಾವ್ ಘೋಷ್ ಅವರು ಈ ಬೊಮ್ಮನ ಜಾಡು ಹಿಡಿದು ಮಂಗಳೂರಿನವರೆಗೆ ಬಂದು ‘ಇನ್ ಆನ್ ಆಂಟಿಕ್ ಲ್ಯಾಂಡ್’ ಎಂಬ ಪುಸ್ತಕವನ್ನು 1992ರಲ್ಲಿ ಪ್ರಕಟಿಸಿದರು. ಮೇಲ್ತರಗತಿಯ ವಿದ್ಯಾರ್ಥಿಗಳು ಓದಬಹುದಾದ ಪುಸ್ತಕ.

ಅದಾಗಿ ಇನ್ನೂರು ವರ್ಷಗಳ ನಂತರ ಬಂದ ಇಬ್ನ್ ಬತೂತ ಈ ಊರನ್ನು ‘ಮಂಜರೂರ್’ ಎಂದು ಕರೆದಿದ್ದಾನೆ. ಪರ್ಷಿಯಾ, ಯೆಮೆನ್‌ಗಳ ವ್ಯಾಪಾರಿಗಳು ಇಳಿಯುವುದು ಇಲ್ಲಿಯೇ, ಮೆಣಸು ಮತ್ತು ಶುಂಠಿ ಹೇರಳ, ಊರಿಗೆ ಹೊಂದಿದ ಪೇಟೆಯಲ್ಲಿ ಸುಮಾರು 4,000 ಮುಸಲ್ಮಾನರಿದ್ದಾರೆ ಎಂದು ಬರೆದಿದ್ದಾನೆ. ಊರವರಿಗೂ ಅವರಿಗೂ ಆಗಾಗ ಜಗಳವಾಗುತ್ತದೆ, ವ್ಯಾಪಾರಿಗಳು ಬೇಕಾದ್ದರಿಂದ ಅರಸನೇ ನಡುವೆ ಬಂದು ರಾಜಿ ಮಾಡಿಸುತ್ತಾನೆ ಎಂಬ ಮಾತೂ ಅದರಲ್ಲಿದೆ. ಒಬ್ಬರಿಗೊಬ್ಬರು ಬೇಕಾಗಿರುವುದರಿಂದಲೇ ಕೂಡಿ ಬಾಳಿದ ಪೇಟೆ ಇದು ಎಂದು ನನಗೆ ಅನಿಸುತ್ತದೆ. ಬ್ಯಾರಿ ಎಂಬ ಸಮುದಾಯದ ಹೆಸರೇ ವ್ಯಾಪಾರ ಎಂಬ ಅರ್ಥದ ತುಳು ಮಾತಿನಿಂದ ಬಂದದ್ದೆಂದು ಹೇಳುತ್ತಾರೆ.

ಬಂದರಿನ ಝೀನತ್ ಬಕ್ಷ್ ಜುಮ್ಮಾ ಮಸೀದಿ ಅರಬ್ ವರ್ತಕರ ಕಾಲದ್ದೆಂದೂ, ಟಿಪ್ಪು ಸುಲ್ತಾನ ಅದನ್ನು ಜೀರ್ಣೋದ್ಧಾರ ಮಾಡಿಸಿ ಮಗಳ ಹೆಸರಿಟ್ಟನೆಂದೂ ಪ್ರತೀತಿ. ಒಳಗಿನ ತೇಗದ ಕಂಬಗಳ ಕೆತ್ತನೆ ನೋಡಿದರೆ ತುಳುನಾಡಿನ ಗುಡಿಗಳ ಮರಗೆಲಸ ನೆನಪಾಗುತ್ತದೆ. ಹೈದರಾಲಿ 1763ರಲ್ಲಿ ಮಂಗಳೂರನ್ನು ಗೆದ್ದು ಇಲ್ಲಿ ಹಡಗು ಕಟ್ಟಿಸತೊಡಗಿದ. ಮಗ ಟಿಪ್ಪು ಮತ್ತು ಇಂಗ್ಲಿಷರ ನಡುವೆ 1784ರ ಮಾರ್ಚ್ 11ರಂದು ಒಪ್ಪಂದವಾದದ್ದೂ ಇದೇ ಊರಿನಲ್ಲಿ. ಶತ್ರು ಹಡಗುಗಳು ನದಿಯೊಳಗೆ ನುಗ್ಗದಂತೆ ಆತ ಕರಿಕಲ್ಲಿನಲ್ಲಿ ಕಟ್ಟಿಸಿದ ಕಾವಲು ಬುರುಜು, ಸುಲ್ತಾನ್ ಬತ್ತೇರಿ, ಬಂದರಿನಿಂದ ಉತ್ತರಕ್ಕೆ ಬೋಳೂರಿನಲ್ಲಿದೆ.

1799ರ ನಂತರ ಬಂದರು ಇಂಗ್ಲಿಷರ ಕೈಗೆ ಹೋಯಿತು. ಲಕ್ಷದ್ವೀಪಗಳ ಪೈಕಿ ಉತ್ತರದ ಅಮೀನಿ, ಕಡಮತ್, ಕಿಲ್ತಾನ್ ಮೊದಲಾದವು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅಲ್ಲಿ ತೆಂಗು ಬಿಟ್ಟರೆ ಬೇರೆ ಬೆಳೆ ಇಲ್ಲ. ದ್ವೀಪದವರು ತೆಂಗಿನ ನಾರಿನ ಹುರಿಯನ್ನು ಮಂಗಳೂರಿಗೆ ತಂದು ಸರಕಾರಕ್ಕೆ ಒಪ್ಪಿಸಬೇಕು, ಬದಲಿಗೆ ಅಕ್ಕಿ ಒಯ್ಯಬೇಕು. ಬೇರೆ ಯಾರಿಗೂ ಮಾರುವಂತಿಲ್ಲ. ಹುರಿಯ ಬೆಲೆ, ಅಕ್ಕಿಯ ಬೆಲೆ ಎರಡನ್ನೂ ನಿಗದಿ ಮಾಡುವವನು ಒಬ್ಬನೇ ಆದರೆ ಲೆಕ್ಕ ಯಾರ ಕಡೆ ವಾಲುತ್ತದೆ ಎಂಬುದನ್ನು ಏಳನೆಯ ತರಗತಿಯ ಹುಡುಗನೂ ಹೇಳಬಲ್ಲ.

ನಮ್ಮೂರಿಗೂ ಈ ಬಂದರಿಗೂ ಇದ್ದ ಹಳೆಯ ನಂಟು ಹಂಚು. ನಮ್ಮ ಮನೆಗಳದು ಮಣ್ಣಿನ ಮಾಳಿಗೆ. ವರ್ಷಕ್ಕೆ 600 ಮಿ.ಮೀ. ಆಸುಪಾಸಿನ ಮಳೆಗೆ ಅದು ಸಾಕು. ಆದರೆ ಹಳೆಯ ಸರಕಾರಿ ಶಾಲೆಗಳ ಮೇಲೆ ಇದ್ದದ್ದು ಮಂಗಳೂರು ಹಂಚು. ಬಂದರಿನ ದಕ್ಷಿಣಕ್ಕೆ, ನೇತ್ರಾವತಿಯ ದಂಡೆಯ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ನಿನವರು 1865ರಲ್ಲಿ ಹಂಚಿನ ಕಾರ್ಖಾನೆ ತೆರೆದರು. ನದಿ ತಂದು ಹಾಕಿದ ಜೇಡಿಮಣ್ಣು, ಘಟ್ಟದ ಸೌದೆ, ಸಾಗಿಸಲು ದೋಣಿ ಎಲ್ಲವೂ ಕೈಗೆ ಎಟುಕುವಷ್ಟು ಹತ್ತಿರ. ಮಣ್ಣಿನಲ್ಲಿದ್ದ ಕಬ್ಬಿಣದ ಅಂಶ ಬೆಂಕಿಯಲ್ಲಿ ಆಕ್ಸೈಡ್ ಆಗಿ ಕೆಂಪು ಬಣ್ಣ ಕೊಟ್ಟಿತು. ಒಂದರ ಅಂಚಿಗೆ ಇನ್ನೊಂದು ಕೊಂಡಿಯಾಗುವಂತೆ ಕಾಲುವೆ ಬಿಟ್ಟಿದ್ದರಿಂದ 3,500 ಮಿ.ಮೀ. ಮೀರಿ ಸುರಿಯುವ ಮಳೆಯೂ ಒಳಗೆ ಸೋರುವುದಿಲ್ಲ. ಈ ಹಂಚು ಸಿಲೋನ್, ಬರ್ಮಾ, ಪೂರ್ವ ಆಫ್ರಿಕಾಗಳಿಗೂ ಹಡಗೇರಿ ಹೋಯಿತು. ನಿಮ್ಮೂರಿನಲ್ಲಿ ಹಳೆಯ ಹಂಚಿನ ಕಟ್ಟಡವಿದ್ದರೆ, ಬಿದ್ದ ಹಂಚೊಂದನ್ನು ಮಗುಚಿ ನೋಡಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಮದ್ರಾಸು ಪ್ರಾಂತ್ಯದ ಮಂಗಳೂರು, ನಿಜಾಮನ ಸೀಮೆಯಾಗಿದ್ದ ನಮ್ಮ ರಾಯಚೂರು ಒಂದೇ ರಾಜ್ಯವಾದದ್ದು 1956ರಲ್ಲಿ. ಹಂಚಿಗೆ ಆ ಗಡಿ ಅಡ್ಡಿಯಾಗಿರಲಿಲ್ಲ.

ಮರಳಿನ ಜೊತೆಗಿನ ಜಗಳ ಕೊನೆಗೆ ತೀರ್ಮಾನವಾದದ್ದು ಪಣಂಬೂರಿನಲ್ಲಿ. ನಗರದ ಉತ್ತರಕ್ಕೆ ಹತ್ತು ಕಿಲೋಮೀಟರ್ ದೂರ ಭೂಮಿಯನ್ನೇ ತೋಡಿ ನೀರು ತುಂಬಿಸಿ ನವಮಂಗಳೂರು ಬಂದರು ಕಟ್ಟಿದರು. 1974ರಲ್ಲಿ ಅದು ದೇಶದ ಪ್ರಮುಖ ಬಂದರುಗಳ ಸಾಲಿಗೆ ಸೇರಿತು, ದೊಡ್ಡ ಹಡಗುಗಳು ಅಲ್ಲಿಗೆ ಹೋದವು. ಕೆಲಸ ಹೋದ ಪೇಟೆ ಸಾಮಾನ್ಯವಾಗಿ ಹಾಳು ಬೀಳುತ್ತದೆ. ಬಂದರ್ ಬೀಳಲಿಲ್ಲ. ಮೀನು ಉಳಿಯಿತು, ಸಗಟು ವ್ಯಾಪಾರ ಉಳಿಯಿತು. ಗೋಳಿಕಟ್ಟೆ ಬಜಾರ್, ನೆಲ್ಲಿಕಾಯಿ ರಸ್ತೆಗಳ ಇಕ್ಕಟ್ಟಿನಲ್ಲಿ ಲಾರಿ, ಕೈಗಾಡಿ, ಚೀಲ ಹೊತ್ತ ಆಳುಗಳ ನಡುವೆ ದಾರಿ ಮಾಡಿಕೊಂಡು ನಡೆಯಬೇಕು. ಒಂದೇ ಅಂಗಡಿಯ ಮುಂದೆ ತುಳು, ಬ್ಯಾರಿ, ಕೊಂಕಣಿ, ಉರ್ದು, ಕನ್ನಡ ಕೇಳಿಸುತ್ತವೆ. ನಾವು ಉಳ್ಳಾಗಡ್ಡಿ ಎನ್ನುವುದು ಇಲ್ಲಿ ನೀರುಳ್ಳಿ. ಮೀನಿನ ವಾಸನೆ, ಒಣಮೆಣಸಿನಕಾಯಿಯ ಘಾಟು ಎರಡೂ ಒಟ್ಟಿಗೆ ಮೂಗಿಗೆ ಬಡಿಯುವ ಜಾಗ ಬೇರೆಲ್ಲೂ ನಾನು ಕಂಡಿಲ್ಲ.

ಚೀಲ ಹೊರುವವರಲ್ಲಿ ನಮ್ಮ ಮಾತು ಕೇಳಿ ತಿರುಗಿ ನೋಡಿದೆ. ಕುಷ್ಟಗಿ ತಾಲೂಕಿನವರೇ. ಮಂಗಳೂರಿನ ಕಟ್ಟಡ ಕೆಲಸದಲ್ಲೂ ನಮ್ಮ ಕಡೆಯವರು ಬಹಳ ಮಂದಿ. ಒಬ್ಬ ಹಿರಿಯರು ಬೆವರು ಒರೆಸಿಕೊಳ್ಳುತ್ತ, “ನಮ್ಮೂರಾಗ ಮಳಿ ಆದ್ರ ದುಡಿಕಿ, ಇಲ್ಲಿ ಮಳಿ ಆದ್ರ ಸೂಟಿ ನೋಡ್ರಿ ಸರ” ಎಂದರು. ಅವರು ಹೇಳಿದ್ದು ಮಾನ್ಸೂನಿನ ಪಾಠವೇ. ಜೂನ್ ಒಂದರಿಂದ ಜುಲೈ ಕೊನೆಯವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ, ಅದು ಮೀನು ಮರಿ ಮಾಡುವ ಕಾಲ. ಕಟ್ಟಡದ ಕೆಲಸವೂ ಮಂದ. ಸರಿಯಾಗಿ ಅದೇ ಹೊತ್ತಿಗೆ ನಮ್ಮಲ್ಲಿ ಸಜ್ಜೆ, ಹೆಸರು, ತೊಗರಿಯ ಬಿತ್ತಿಗೆ. ಬಿತ್ತಲು ಊರಿಗೆ ಬಂದವರು ಸುಗ್ಗಿ ಮುಗಿದೊಡನೆ ಮತ್ತೆ ಘಟ್ಟ ಇಳಿಯುತ್ತಾರೆ. ಮಕ್ಕಳನ್ನು ಜೊತೆಗೆ ಕರೆದೊಯ್ದರೆ ಇತ್ತ ತರಗತಿಯ ಹಿಂದಿನ ಬೆಂಚು ಖಾಲಿ. ಹಾಜರಿ ಪುಸ್ತಕದಲ್ಲಿ ಆ ಹೆಸರುಗಳ ಮುಂದೆ ಗೈರು ಬರೆಯುವಾಗ ಕೈ ಭಾರವಾಗುತ್ತದೆ. “ಮೊಮ್ಮಗ ಊರಾಗ ಅಜ್ಜಿ ಹತ್ರ ಅದಾನ್ರಿ, ಒಂಬತ್ತನೇತ್ತ” ಎಂದು ಆ ಹಿರಿಯರು ತಾವಾಗಿಯೇ ಹೇಳಿದರು. ಅಜ್ಜಿಯ ಹತ್ತಿರ ಬಿಟ್ಟು ಬರುವುದೂ ಸುಲಭದ ಮಾತಲ್ಲ.

ಬಂದರ್ ನೋಡಬೇಕೆನ್ನುವವರು ಮಂಗಳೂರಿನ ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಧಕ್ಕೆಯಲ್ಲಿ ಮೀನು ಹರಾಜು ನೋಡಲು ಬೆಳಗಿನ ಹೊತ್ತೇ ಒಳ್ಳೆಯದು. ನೆಲ ಒದ್ದೆ, ಹಳೆಯ ಚಪ್ಪಲಿ ಇರಲಿ, ಮಕ್ಕಳ ಕೈ ಹಿಡಿದುಕೊಳ್ಳಿ. ಆಮೇಲೆ ದೋಣಿ ಹತ್ತಿ ನದಿ ದಾಟಿದರೆ ಬೆಂಗ್ರೆ. ಅಲ್ಲಿ ತೆಂಗಿನ ಮರಗಳ ನಡುವೆ ಸ್ವಲ್ಪ ದೂರ ನಡೆಯಿರಿ, ಸಮುದ್ರ ಸಿಗುತ್ತದೆ.