ಮೂರು ಇನಿಂಗ್ಸಿಗೊಬ್ಬ ಅಜ್ಜ

ಬಚ್ಚಲೊಲೆಯ ಬೂದಿಯಲ್ಲಿ ಹಲಸಿನ ಬೀಜ ಹುಗಿದು ಕೂತಿದ್ದೆವು. ಹೊರಗೆ ಮಳೆ, ಕರೆಂಟಿಲ್ಲ. ಅಕ್ಕನ ಮಗ ಬಲಭುಜ ಉಜ್ಜಿಕೊಳ್ಳುತ್ತಾ, “ನನ್ ಬೌಲಿಂಗ್ ಮುಗೀತು ಮಾವ, ವಯಸ್ಸಾಯ್ತು” ಅಂದ. ಅವನಿಗೆ ಇಪ್ಪತ್ತಾರು.

“ಐವತ್ತೊಂಬತ್ತಕ್ಕೆ ಚೆಂಡೆಸೆದವನೊಬ್ಬ ಇದ್ದ, ಕೇಳು” ಅಂದೆ.

ಸ್ಯಾಚೆಲ್ ಪೇಜ್. ಅಮೆರಿಕದ ಅಲಬಾಮಾದವನು, ಬೇಸ್‌ಬಾಲ್ ಪಿಚರ್. ಹುಟ್ಟಿದ್ದು 1906ರಲ್ಲಿ ಅಂತ ದಾಖಲೆ. ಅವನನ್ನು ಕೇಳಿದರೆ, ಜನ್ಮಪತ್ರ ಇಟ್ಟಿದ್ದ ಬೈಬಲನ್ನೇ ಮೇಕೆ ತಿಂದುಬಿಡ್ತು ಅನ್ನುತ್ತಿದ್ದ. ನಮ್ಮಲ್ಲಿ ಮೇಷ್ಟರು ಅರ್ಧ ಊರಿಗೇ ಜೂನ್ 1 ಅಂತ ಬರೆದುಬಿಟ್ಟಿಲ್ಲವೇ, ಹಾಗೆ.

ಬೇಸ್‌ಬಾಲಿನಲ್ಲಿ ಓಡಿಬಂದು ಎಸೆಯುವಂತಿಲ್ಲ. ಮಣ್ಣಿನ ದಿಬ್ಬದ ಮೇಲೆ ನಿಂತಲ್ಲಿಂದಲೇ, 60 ಅಡಿ 6 ಅಂಗುಲ ದೂರಕ್ಕೆ, ನೆಲ ಮುಟ್ಟಿಸದೆ ಬೀಸಬೇಕು. ಭಾರವೆಲ್ಲ ಭುಜಕ್ಕೆ, ಮೊಣಕೈಗೆ. ಪೇಜ್‌ನ ಭುಜವೂ 1938ರಲ್ಲಿ ಮೆಕ್ಸಿಕೋದಲ್ಲಿ ಕೈಕೊಟ್ಟಿತ್ತು. ತೋಳೆತ್ತಲೂ ಆಗದ ಸ್ಥಿತಿ. ಕನ್ಸಾಸ್ ಸಿಟಿ ಮೊನಾರ್ಕ್ಸ್ ತಂಡದ ಮಾಲೀಕ ವಿಲ್ಕಿನ್ಸನ್ ಅವನನ್ನು ತನ್ನ ಎರಡನೇ ತಂಡದ ಜತೆ ಊರೂರು ತಿರುಗಲು ಹಾಕಿದ. ತಿರುಗುತ್ತಾ ತಿರುಗುತ್ತಾ ಕೈ ವಾಪಸ್ ಬಂತು.

“ದೊಡ್ಡ ಲೀಗಿಗೆ ಯಾಕೆ ಹೋಗಲಿಲ್ಲ?”

ಕರಿಯರನ್ನು ಸೇರಿಸುತ್ತಿರಲಿಲ್ಲವಲ್ಲ! 1947ರಲ್ಲಿ ಜ್ಯಾಕಿ ರಾಬಿನ್ಸನ್ ಬಂದಮೇಲೇ ಆ ಬಾಗಿಲು ತೆರೆದದ್ದು. ಮರುವರ್ಷ ಕ್ಲೀವ್‌ಲ್ಯಾಂಡ್ ತಂಡ ಪೇಜ್‌ನನ್ನು ಕರೆಸಿಕೊಂಡಾಗ ಅವನಿಗೆ 42. ಉಳಿದವರು ಮನೆ ಸೇರುವ ವಯಸ್ಸಿನಲ್ಲಿ ಇವನದು ಚೊಚ್ಚಲ ಪಂದ್ಯ. ಆ ವರ್ಷ ಆರು ಗೆದ್ದ, ಒಂದು ಸೋತ. ಮುಂಗಾಲು ಊರಿ, ಕೈಯನ್ನು ಅರೆಕ್ಷಣ ತಡೆದು ಬಿಡುವ ಅವನದೊಂದು ಎಸೆತವಿತ್ತು. ಬ್ಯಾಟರು ಆಗಲೇ ಬ್ಯಾಟ್ ಬೀಸಿ ಮುಗಿಸಿರುತ್ತಿದ್ದ. ಲೀಗಿನ ಅಧ್ಯಕ್ಷರು ಆ ಎಸೆತವನ್ನೇ ನಿಷೇಧಿಸಿಬಿಟ್ಟರು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇನ್ನೇನು ಬೇಕು?

ಈಗ 1965ರ ಸೆಪ್ಟೆಂಬರ್ 25ಕ್ಕೆ ಬಾ. ಕನ್ಸಾಸ್ ಸಿಟಿಯ ಅಥ್ಲೆಟಿಕ್ಸ್, ಆ ವರ್ಷ 103 ಪಂದ್ಯ ಸೋತು ತನ್ನ ಲೀಗಿನಲ್ಲಿ ಎಲ್ಲರಿಗಿಂತ ಕೆಳಗೆ ಬಿದ್ದ ತಂಡ. ಮಾಲೀಕ ಚಾರ್ಲಿ ಫಿನ್ಲಿ ಹೇಸರಗತ್ತೆಯನ್ನು ಲಾಂಛನ ಮಾಡಿ ಅದಕ್ಕೆ ತನ್ನ ಹೆಸರನ್ನೇ ಇಟ್ಟ ಆಸಾಮಿ. ಜನ ಸೇರಿಸಲು ಒಂದು ದಿನದ ಮಟ್ಟಿಗೆ ಪೇಜ್‌ನನ್ನು ಆಡಿಸಿದ. ಮೈದಾನದ ಅಂಚಿನಲ್ಲಿ ತೂಗುಕುರ್ಚಿ, ಪಕ್ಕದಲ್ಲಿ ತೋಳು ನೀವಲು ಬಿಳಿ ಉಡುಪಿನ ನರ್ಸು. ನನಗೆ ಆ ನರ್ಸಿನ ಫೋಟೋ ಕಂಡರೆ ಈಗಲೂ ಮೈ ಉರಿಯುತ್ತದೆ. ಮೊನಾರ್ಕ್ಸ್‌ಗಾಗಿ ಆಡಿದ ತನ್ನದೇ ಮೈದಾನದಲ್ಲಿ ಅವನನ್ನು ನಗೆಪಾಟಲಿನ ಮುದುಕನನ್ನಾಗಿ ಕೂರಿಸಿದ್ದರು. ಅವನೋ, ಆರಾಮಾಗಿ ತೂಗಿಕೊಂಡ.

ಆಮೇಲೆ ಎದ್ದು ದಿಬ್ಬ ಹತ್ತಿದ.

ಎದುರಾಳಿ ಬೋಸ್ಟನ್ ರೆಡ್ ಸಾಕ್ಸ್. ಮೊದಲನೆಯವನು ಔಟ್. ಎರಡನೆಯವನು ಪೇಜ್‌ನ ತಂಡದವರ ತಪ್ಪಿನಿಂದ ಬೇಸ್ ತಲುಪಿದ, ಮುಂದಕ್ಕೆ ಓಡಲು ಹೋಗಿ ಸಿಕ್ಕಿಬಿದ್ದ. ಮೂರನೆಯವನು ಕಾರ್ಲ್ ಯಸ್ಟ್ರೆಮ್ಸ್ಕಿ, ಡಬಲ್ ಹೊಡೆದು ಎರಡನೇ ಬೇಸ್ ಸೇರಿದ. ಅಷ್ಟೇ. ಆಮೇಲೆ ಬಂದ ಏಳು ಮಂದಿಯಲ್ಲಿ ಒಬ್ಬನೂ ಬೇಸ್ ಮುಟ್ಟಲಿಲ್ಲ. ಮೂರು ಇನಿಂಗ್ಸ್, 28 ಎಸೆತ, ರನ್ ಸೊನ್ನೆ. ಮೊಮ್ಮಕ್ಕಳ ವಯಸ್ಸಿನ ಹುಡುಗರು ತಲೆ ತಗ್ಗಿಸಿ ವಾಪಸ್ ನಡೆದರು.

ನಾಲ್ಕನೇ ಇನಿಂಗ್ಸಿಗೆ ಮತ್ತೆ ದಿಬ್ಬ ಹತ್ತಿದ. ಜನ ಕಣ್ತುಂಬ ನೋಡಿ ಚಪ್ಪಾಳೆ ತಟ್ಟಲಿ ಅಂತಲೇ ಮ್ಯಾನೇಜರ್ ಅಲ್ಲಿಂದ ಅವನನ್ನು ಕರೆಸಿಕೊಂಡ. ಒಳಗೆ ಹೋಗಿ ಬಟ್ಟೆ ಬಿಚ್ಚುತ್ತಿದ್ದ, ಹೊರಗೆ ಬಾ ಅಂತ ಕರೆ ಬಂತು. ಬಂದು ನೋಡಿದರೆ ಮೈದಾನದ ದೀಪ ಆರಿಸಿದ್ದಾರೆ. ಕತ್ತಲಲ್ಲಿ ಒಂಬತ್ತು ಸಾವಿರ ಚಿಲ್ಲರೆ ಜನ ಬೆಂಕಿಕಡ್ಡಿ, ಲೈಟರು ಹಚ್ಚಿ ಹಿಡಿದುಕೊಂಡು ಮುದಿ ಕುದುರೆಯ ಹಳೇ ಹಾಡು ಹಾಡುತ್ತಿದ್ದಾರೆ.

ಅಕ್ಕನ ಮಗ ಭುಜ ಉಜ್ಜುವುದನ್ನು ಮರೆತಿದ್ದ.

“ಮ್ಯಾಚ್ ಗೆದ್ರಾ ಮಾವ?”

“ಇಲ್ಲ ಮಾರಾಯ. 5-2ಕ್ಕೆ ಬೋಸ್ಟನ್ ಗೆಲ್ತು. ಆ ಬೀಜ ತೆಗಿ, ಹೊತ್ತಿಹೋಗುತ್ತೆ.”