ಪಯಸ್ವಿನಿಯ ಜೊತೆಗೊಂದು ಸೈಕಲ್ ಸವಾರಿ

"ಪರೀಕ್ಷೆಗೆ ಇನ್ನು ಎರಡೇ ತಿಂಗಳು ಉಂಟು. ಈಗ ಎಂತ ಸೈಕಲ್ ಸವಾರಿ ಮಾಷ್ಟ್ರೇ?" ಎಂದು ಭಾವ ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿ ನಿವೃತ್ತನಾದವನು, ದ್ವಿತೀಯ ಪಿಯುಸಿಯ ಹುಡುಗನನ್ನು ಡಿಸೆಂಬರಿನಲ್ಲಿ ಪುಸ್ತಕದ ಎದುರಿನಿಂದ ಎಬ್ಬಿಸಿಕೊಂಡು ಹೋಗುವುದೆಂದರೆ ಅಪರಾಧವೇ ಸರಿ. ಕೊನೆಗೆ ಅಕ್ಕ ನನ್ನ ಪಕ್ಷ ವಹಿಸಿದಳು. "ಒಂದು ಭಾನುವಾರ ತಾನೇ, ಹೋಗಿ ಬರಲಿ. ಕೋಣೆಯೊಳಗೆ ಕೂತು ಕೂತು ಅವನ ಮುಖ ನೋಡಲಿಕ್ಕಾಗುವುದಿಲ್ಲ" ಎಂದಳು.

ಈ ಸವಾರಿಯ ಹುಚ್ಚು ನನಗೆ ಹತ್ತಿದ್ದು ದೂರದ ಫ್ರಾನ್ಸಿನಿಂದ. ಅಲ್ಲಿನ ಟೂಲೂಸ್ ನಗರದಲ್ಲಿ ಕೆಲಸದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬ ಕೆಲವು ಚಿತ್ರಗಳನ್ನು ಕಳಿಸಿದ್ದ. ಸಾಲುಮರದ ನೆರಳು, ಅಲುಗಾಡದ ನೀರು, ನೀರಿನ ಬದಿಯ ದಾರಿಯಲ್ಲಿ ನಿಲ್ಲಿಸಿದ ಅವನ ಸೈಕಲ್ಲು. ಅದು ಮಿಡಿ ಕಾಲುವೆ. 1666ರಲ್ಲಿ ರಿಕೆ ಎಂಬವನ ನೇತೃತ್ವದಲ್ಲಿ ಕೆಲಸ ಶುರುವಾಗಿ, 1681ರಲ್ಲಿ ತೆರೆದ 240 ಕಿಲೋಮೀಟರ್ ಉದ್ದದ ಜಲಮಾರ್ಗ. ರಿಕೆ ಅದನ್ನು ಪೂರ್ತಿ ಕಾಣದೆ ಹಿಂದಿನ ವರ್ಷವೇ ತೀರಿಕೊಂಡ. ಒಂದು ಕಾಲಕ್ಕೆ ದೋಣಿ ಎಳೆಯುವ ಕುದುರೆಗಳು ನಡೆಯುತ್ತಿದ್ದ ದಂಡೆಯಲ್ಲಿ ಈಗ ಜನ ದ್ರಾಕ್ಷಿ ತೋಟಗಳನ್ನು ನೋಡುತ್ತ ಅವಸರವಿಲ್ಲದೆ ಸೈಕಲ್ ತುಳಿಯುತ್ತಾರಂತೆ. "ಸರ್, ಇಲ್ಲಿಗೆ ಒಮ್ಮೆ ಬನ್ನಿ" ಎಂದು ಅವನು ಬರೆದಿದ್ದ. ನನ್ನ ಪಿಂಚಣಿಯಲ್ಲಿ ಅದಾಗುವ ಮಾತಲ್ಲ. ಕಾಲುವೆ ಇಲ್ಲದಿದ್ದರೆ ಹೊಳೆ, ದ್ರಾಕ್ಷಿ ಇಲ್ಲದಿದ್ದರೆ ಅಡಿಕೆ ಎಂದುಕೊಂಡು ಹಿಂದಿನ ದಿನವೇ ನನ್ನ ಹಳೆಯ ಸೈಕಲ್ಲನ್ನು ಸುಳ್ಯದಿಂದ ಸಂಪಾಜೆಗೆ ಒಯ್ದೆ.

ಅಳಿಯನಿಗೆ ಸ್ವಂತ ಸೈಕಲ್ಲಿಲ್ಲ. ಅವನ ಅಕ್ಕನಿಗೆ ಎಂಟನೆಯ ತರಗತಿಯಲ್ಲಿ ಸರ್ಕಾರ ಕೊಟ್ಟದ್ದು ಅಟ್ಟದಲ್ಲಿತ್ತು. 2006-07ರಲ್ಲಿ ಆ ಉಚಿತ ಸೈಕಲ್ ಯೋಜನೆ ಬಂದಾಗ ಶಾಲೆಯಂಗಳದಲ್ಲಿ ಸಾಲಾಗಿ ನಿಂತ ಸೈಕಲ್ಲುಗಳನ್ನು ಹಂಚಿದವರಲ್ಲಿ ನಾನೂ ಒಬ್ಬ. ಹುಡುಗಿಯರ ಸೈಕಲ್ಲೆಂದು ಹುಡುಗ ಸ್ವಲ್ಪ ನಾಚಿಕೊಂಡ. ಬೆಳಗ್ಗೆ ಆರೂವರೆಯ ಮಂಜಿನಲ್ಲಿ ಯಾರು ನೋಡುತ್ತಾರೆ?

ಸಂಪಾಜೆ ವಿಚಿತ್ರವಾದ ಊರು. ಒಂದು ಸಂಪಾಜೆ ಕೊಡಗಿಗೆ ಸೇರಿದರೆ ಇನ್ನೊಂದು ದಕ್ಷಿಣ ಕನ್ನಡಕ್ಕೆ. ಮಡಿಕೇರಿಯ ಘಾಟಿ ಇಳಿದು ಬಂದ ರಸ್ತೆ ಇಲ್ಲಿಂದ ಪಯಸ್ವಿನಿಯ ಜೊತೆ ಹಿಡಿದು ಸುಳ್ಯಕ್ಕೆ ಹೋಗುತ್ತದೆ. ಇಪ್ಪತ್ತು ಕಿಲೋಮೀಟರಿಗೆ ತುಸು ಹೆಚ್ಚು. ಹೊಳೆ ಮುಂದೆ ಕೇರಳಕ್ಕೆ ದಾಟಿ, ಚಂದ್ರಗಿರಿಯನ್ನು ಸೇರಿ, ಕಾಸರಗೋಡಿನ ಹತ್ತಿರ ಸಮುದ್ರಕ್ಕೆ ಬೀಳುತ್ತದೆ.

ಕಲ್ಲುಗುಂಡಿಯಲ್ಲಿ ಚಹಾ, ಬನ್ಸು ಮುಗಿಸಿ ಹೊರಡುವಾಗ ಅಳಿಯನ ಸೈಕಲ್ಲಿನ ಚೈನು ಬಿತ್ತು. ಸರಿಮಾಡುತ್ತ ಕೂತಾಗ ಕೆಳಗೆ ತೋಡಿನಲ್ಲಿ ಹೊಸತಾಗಿ ಹಾಕಿದ ಕಟ್ಟ ಕಂಡಿತು. ಪೇಟೆಯ ಓದುಗರಿಗಾಗಿ ಹೇಳುತ್ತೇನೆ: ಮಳೆ ನಿಂತು ನೀರು ಇಳಿದ ಮೇಲೆ ಕಲ್ಲು, ಮಣ್ಣು, ಸೊಪ್ಪು ಸೇರಿಸಿ ತೋಡಿಗೆ ಅಡ್ಡ ಹಾಕುವ ಒಡ್ಡು ಇದು. ನೀರು ಹಿಂದಕ್ಕೆ ನಿಂತು ನೆಲಕ್ಕೆ ಇಂಗುತ್ತದೆ, ಆಚೀಚೆಯ ಬಾವಿಗಳು ಬೇಸಿಗೆಯಲ್ಲಿ ಬೇಗ ಬತ್ತುವುದಿಲ್ಲ. ಮುಂದಿನ ಮಳೆಗಾಲದ ಮೊದಲ ನೆರೆಗೆ ಕಟ್ಟ ಕೊಚ್ಚಿಹೋಗುತ್ತದೆ. ಮತ್ತೆ ನೆರೆಕರೆಯವರು ಸೇರಿ ಕಟ್ಟಬೇಕು.

"ಎರಡು ವರ್ಷ ದಿನಾ ಬಸ್ಸಿನಲ್ಲಿ ಹೋಗಿದ್ದೇನೆ ಮಾವ, ಇಲ್ಲಿ ಕಟ್ಟ ಇರುವುದು ನನಗೆ ಗೊತ್ತೇ ಇಲ್ಲ" ಎಂದ. ಬಸ್ಸಿನ ಕಿಟಕಿಯಲ್ಲಿ ಇರುವುದು ಸೀಟು ಸಿಕ್ಕಿತೇ ಇಲ್ಲವೇ ಎಂಬ ಚಿಂತೆ, ಆಮೇಲೆ ಮೊಬೈಲು. ಸೈಕಲ್ಲಿನ ವೇಗಕ್ಕೆ ತೋಟದೊಳಗಿನ ಕಣಿ, ಅಂಗಳದಲ್ಲಿ ಒಣಗಲು ಹರವಿದ ಅಡಿಕೆ, ಜಗಲಿಯ ಮೂಲೆಯಲ್ಲಿ ನೀಲಿ ಕಲೆ ಹಿಡಿದ ಡ್ರಮ್ಮು ಎಲ್ಲ ಒಂದೊಂದಾಗಿ ಕಾಣುತ್ತವೆ.

ಆ ನೀಲಿ ಕಲೆಗೂ ದ್ರಾಕ್ಷಿ ನಾಡಿಗೂ ನಂಟಿದೆ. ಟೂಲೂಸಿನಿಂದ ಇನ್ನೊಂದು ದಿಕ್ಕಿಗೆ ಗಾರೋನ್ ಕಾಲುವೆ ಹಿಡಿದು ಹೋದರೆ ಸಿಗುವುದೇ ಬೋರ್ಡೋ ಸೀಮೆ. ಅಡಿಕೆಯ ಕೊಳೆರೋಗಕ್ಕೆ ನಾವು ಬಿಡುವ ಮದ್ದು, ಆ ಮೈಲುತುತ್ತು-ಸುಣ್ಣದ ಬೋರ್ಡೋ ದ್ರಾವಣ, ಅಲ್ಲಿಯದು. ಅಲ್ಲಿ ಬಳ್ಳಿಗಳಿಗೆ ರೋಗ ತಗುಲಿ ಎಲೆ ಉದುರುತ್ತಿದ್ದ ಕಾಲ. 1882ರಲ್ಲಿ ಮಿಲಾರ್ಡೆ ಎಂಬ ಸಸ್ಯಶಾಸ್ತ್ರಜ್ಞ ತೋಟವೊಂದರ ಬದಿಯಲ್ಲಿ ಹೋಗುತ್ತಿದ್ದಾಗ, ರಸ್ತೆಗೆ ತಾಗಿದ ಸಾಲುಗಳಲ್ಲಿ ಮಾತ್ರ ಎಲೆ ಉಳಿದದ್ದನ್ನು ಕಂಡ. ವಿಚಾರಿಸಿದರೆ, ದಾರಿಹೋಕರು ಹಣ್ಣು ಕದಿಯಬಾರದೆಂದು ತೋಟದವರು ಮೈಲುತುತ್ತು, ಸುಣ್ಣ ಕಲಸಿ ಚಿಮುಕಿಸಿದ್ದರು! ಅಲ್ಲಿಂದ ಪ್ರಯೋಗ ನಡೆಸಿ 1885ರಲ್ಲಿ ಅವನು ಅದನ್ನು ಪ್ರಕಟಿಸಿದ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಕೆಲಸಕ್ಕಿದ್ದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ಅಡಿಕೆಗೆ ಅದನ್ನು ತಂದರು. ಕಳ್ಳರಿಗೆ ಹಾಕಿದ ಮದ್ದು ರೋಗಕ್ಕೆ ನಾಟಿದ ಕತೆ ಕೇಳಿ ಅಳಿಯ ಜೋರಾಗಿ ನಕ್ಕ.

ಗೂನಡ್ಕ ದಾಟಿ ಅರಂತೋಡಿನ ಕಡೆಗೆ ಬರುವಾಗ ಅವನ ನಗು ನಿಂತಿತು. ರಸ್ತೆಯ ಬದಿಯ ತೋಟಗಳು ಹಳದಿಯಾಗಿದ್ದವು. ಸೋಗೆ ಗಿಡ್ಡವಾಗಿ, ತಲೆ ಸಣ್ಣದಾಗಿ, ಬರೀ ಕಂಬದಂತೆ ನಿಂತ ಮರಗಳು. ಅಡಿಕೆಯ ಹಳದಿ ಎಲೆ ರೋಗ. 1914ರಲ್ಲೇ ಕೇರಳದಲ್ಲಿ ಕಂಡದ್ದು. ಸಂಪಾಜೆ, ಅರಂತೋಡು, ಚೆಂಬು, ಪೆರಾಜೆ ಈಗ ಅದರ ಬಾಯಿಗೆ ಸಿಕ್ಕಿವೆ. ಫೈಟೋಪ್ಲಾಸ್ಮಾ ಎಂಬ ಸೂಕ್ಷ್ಮಾಣು, ಹರಡುವುದು ಕೀಟದಿಂದ. ಕೊಳೆರೋಗಕ್ಕೆ ಬೋರ್ಡೋ ಇದೆ, ಇದಕ್ಕೆ ಮದ್ದಿಲ್ಲ.

ಅಳಿಯ ಸೈಕಲ್ಲು ನಿಲ್ಲಿಸಿದ. "ಮಾವ, ನಮ್ಮ ತೋಟಕ್ಕೂ ಇದೇ ಅಲ್ವಾ?"

ನನ್ನ ಬಾಯಿ ಕಟ್ಟಿತು. ಪರೀಕ್ಷೆ ಮುಗಿಯುವವರೆಗೆ ಹುಡುಗನ ಎದುರು ಆ ಮಾತೆತ್ತಬೇಡ ಎಂದು ಭಾವ ನನ್ನಿಂದ ಮಾತು ತೆಗೆದುಕೊಂಡಿದ್ದರು. "ಅಪ್ಪನನ್ನೇ ಕೇಳು" ಎಂದೆ.

"ಕೇಳುವುದೆಂತ, ನನಗೆ ಗೊತ್ತುಂಟು. ಹೋದ ವರ್ಷ ಅಡಿಕೆ ಗೋಣಿ ನಾನೇ ಲೆಕ್ಕ ಮಾಡಿದ್ದೇನೆ. ಮೊದಲಿನ ಅರ್ಧವೂ ಇರಲಿಲ್ಲ. ನಾನು ಕೇಳಿದರೆ ಅಪ್ಪನಿಗೆ ಬೇಸರ ಆಗುತ್ತದೆ. ಅದಕ್ಕೆ ಸುಮ್ಮನಿದ್ದೇನೆ."

ಮಗನಿಗೆ ಗೊತ್ತಾಗಬಾರದೆಂದು ಅಪ್ಪ ಮೌನ, ಅಪ್ಪನಿಗೆ ನೋವಾಗಬಾರದೆಂದು ಮಗ ಮೌನ. ನಡುವೆ ನಾನೊಬ್ಬ ಮಾಷ್ಟ್ರು! ಕೋಣೆಯೊಳಗೆ ಅವನ ಮುಖ ಬಾಡಿದ್ದು ಬರೀ ಓದಿನಿಂದಲ್ಲ ಎಂದು ಆಗ ತಿಳಿಯಿತು.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನೇ ಬೆರಳು ತೋರಿಸಿದ. "ಅಲ್ಲಿ ನೋಡಿ ಮಾವ, ಅದೊಂದು ಮರ ಮಾತ್ರ ಹಸಿರಾಗಿ ಉಂಟು."

ನಿಜ. ಹಳದಿಯ ನಡುವೆ ಒಂದು ಮರ ತುಂಬಿದ ತಲೆಯೊಂದಿಗೆ ನಿಂತಿತ್ತು. ಕಾಸರಗೋಡಿನ ಕೇಂದ್ರೀಯ ತೋಟಗಾರಿಕಾ ಬೆಳೆಗಳ ಸಂಶೋಧನಾ ಸಂಸ್ಥೆಯವರು ಹುಡುಕುವುದೂ ಇಂಥ ಮರಗಳನ್ನೇ. ಸುತ್ತ ರೋಗವಿದ್ದರೂ ತಾಳಿ ನಿಂತ ಮರದಿಂದ ಅಂಗಾಂಶ ತೆಗೆದು ಸಸಿ ಬೆಳೆಸುವ ಪ್ರಯತ್ನ ಅವರದು. ಗೆಲ್ಲುತ್ತದೆಂದು ಹೇಳಲು ನಾನು ಯಾರು? ಆದರೆ ಮಿಲಾರ್ಡೆ ಕಂಡದ್ದೂ ಇಂಥದ್ದೇ ಉಳಿದ ಹಸಿರನ್ನು ಎಂದು ಹುಡುಗನಿಗೆ ನೆನಪಿಸಿದೆ. ನಮ್ಮ ಹುಡುಗ ಹೊಗಳಿದ ಮಿಡಿ ಕಾಲುವೆಯ ಸಾಲುಮರಗಳಿಗೂ 2006ರಿಂದ ರೋಗ ಹಿಡಿದು ಸಾವಿರಾರು ಮರಗಳನ್ನು ಕಡಿದಿದ್ದಾರೆ, ಆ ಜಾಗದಲ್ಲಿ ಬೇರೆ ಸಸಿ ನೆಡುತ್ತಿದ್ದಾರೆ ಎಂದೂ ಹೇಳಿದೆ.

ಪೆರಾಜೆಯಲ್ಲಿ ಮತ್ತೆ ಕೊಡಗು ಜಿಲ್ಲೆಗೆ ಕಾಲಿಟ್ಟು, ಮತ್ತೆ ಹೊರಬಂದು, ಅರಂಬೂರಿನಲ್ಲಿ ಹೊಳೆಬದಿಗೆ ಇಳಿದೆವು. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ತಮ್ಮ ಮೊದಲ ತೂಗುಸೇತುವೆ ಕಟ್ಟಿದ್ದು ಈ ಅರಂಬೂರಿನಲ್ಲಿ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿ ಊರಿಗೆ ಬಂದ ಅವರ ಮುಂದೆ ಹೊಳೆ ದಾಟಲಾಗದ ಜನ ಬಂದು ನಿಂತರು, ಅವರು ಸೇತುವೆ ಕಟ್ಟಿದರು. ಆಮೇಲೆ ನೂರಕ್ಕೂ ಹೆಚ್ಚು ಸೇತುವೆಗಳು, 2017ರಲ್ಲಿ ಪದ್ಮಶ್ರೀ. ನಾನು ಉಪದೇಶ ಮಾಡಲಿಲ್ಲ. ಹುಡುಗ ಊರಲ್ಲಿ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ಬಿಟ್ಟು ಹೋಗುವುದಾದರೂ ಏನನ್ನು ಬಿಟ್ಟು ಹೋಗುತ್ತಿದ್ದೇನೆಂದು ನೋಡಿ ಹೋಗಲಿ ಎಂಬುದಷ್ಟೇ ನನ್ನ ಆಸೆ.

ಬಸ್ಸು ಮುಕ್ಕಾಲು ಗಂಟೆಯಲ್ಲಿ ಮುಗಿಸುವ ದಾರಿಗೆ ನಮಗೆ ಮಧ್ಯಾಹ್ನವಾಯಿತು. ರಾತ್ರಿ ನಮ್ಮ ಮನೆಯಿಂದ ಹುಡುಗ ಅಪ್ಪನಿಗೆ ಫೋನು ಮಾಡಿದ. ಜಗಲಿಯಿಂದ ತುಂಡು ತುಂಡು ಮಾತು ಕೇಳಿಸಿತು. "ಹೌದಪ್ಪ, ನೋಡಿದೆ... ಇಲ್ಲ, ಬೇಸರ ಇಲ್ಲ... ಓದುತ್ತೇನೆ. ಆದರೆ ಇನ್ನು ಲೆಕ್ಕ ನನ್ನ ಹತ್ತಿರವೂ ಹೇಳಬೇಕು." ಆಚೆ ಕಡೆ ಭಾವ ಏನೆಂದರೋ ತಿಳಿಯದು. ಫೋನು ಮಾತ್ರ ಬಹಳ ಹೊತ್ತು ಕೆಳಗಿಡಲಿಲ್ಲ.

ನಿಮ್ಮೂರಿನಲ್ಲೂ ಒಂದು ಹೊಳೆಯೋ ತೋಡೋ ಕೆರೆ ಏರಿಯೋ ಇದ್ದೀತು, ಅಟ್ಟದಲ್ಲಿ ಹಳೆಯ ಸೈಕಲ್ಲೂ ಇದ್ದೀತು. ಒಂದು ಭಾನುವಾರ ಮಕ್ಕಳ ಜೊತೆ ಹೊರಡಿ. ಅಂಕಗಳು ಅದರಿಂದ ಕಡಿಮೆಯಾಗಲಾರವು.

ಮರುದಿನ ಹುಡುಗ ಏರುದಾರಿಯಲ್ಲಿ ಒಬ್ಬನೇ ಸೈಕಲ್ ತುಳಿದು ಮನೆಗೆ ಹೋದ. ಭಾವ ಬೈಯುತ್ತಾರೆಂದು ನಾನು ಕಾದೆ. ಮೂರು ದಿನ ಬಿಟ್ಟು ಅವರ ಫೋನು ಬಂತು. "ಆ ಸೈಕಲ್ಲಿಗೆ ಹೊಸ ಚೈನು ಹಾಕಿಸಿದೆ ಮಾಷ್ಟ್ರೇ" ಎಂದರು.