ತೋಟ ಮುಗಿದಲ್ಲಿ ಕಾವಲು

ತಿಪಟೂರು ಎಂದರೆ ಹೊರಗಿನವರು ಕೊಬ್ಬರಿ ರೇಟು ಕೇಳುತ್ತಾರೆ. ಕೋನೇಹಳ್ಳಿ ಕಡೆ ಒಟ್ಟಿಗೆ ಬೆಳೆದ ನಾವು ಮದುವೆಯಲ್ಲೋ ತಿಥಿಯಲ್ಲೋ ಸೇರಿದರೆ ಮಾತು ತಾನಾಗಿ ಕಾವಲಿನ ಕಡೆ ಹೊರಳುತ್ತದೆ. ತೆಂಗಿನ ತೋಟದ ತಂಪು ಕತ್ತಾಳೆ ಬೇಲಿಯವರೆಗೆ. ಬೇಲಿ ದಾಟಿದರೆ ಹುಲ್ಲು, ಜಾಲಿ, ತಂಗಡಿ, ಕಾರೆ ಪೊದೆ, ಮೇಲೆ ಬಟ್ಟಬಯಲಿನ ಬಿಸಿಲು.

ಅದು ಅಮೃತಮಹಲ್ ಕಾವಲು. ಮೈಸೂರು ಅರಸರ ‘ಬೆಣ್ಣೆ ಚಾವಡಿ’ಯ ದನಗಳಿಗೆಂದು ಇಂಥ ಕಾವಲುಗಳನ್ನು ಸೀಮೆ ಸೀಮೆಗೂ ಮೀಸಲಿಟ್ಟಿದ್ದರು. ಟಿಪ್ಪುವಿನ ಕಾಲಕ್ಕೆ ಅದರ ಹೆಸರು ಅಮೃತಮಹಲ್ ಆಯಿತು. ಹಳ್ಳಿಕಾರ್ ರಕ್ತದ ಈ ಎತ್ತುಗಳು ದಂಡಿನ ಫಿರಂಗಿ ಎಳೆದವು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಕಾವಲು. ಒಂದರಲ್ಲಿ ಮೇಯುವಾಗ ಇನ್ನೊಂದರಲ್ಲಿ ಹುಲ್ಲು ಚಿಗುರಬೇಕು. ಎಷ್ಟು ತಿಳಿದ ಲೆಕ್ಕ! ಕೋನೇಹಳ್ಳಿಯಲ್ಲಿ ಆ ತಳಿಯ ಸಂವರ್ಧನಾ ಕೇಂದ್ರವಿದೆ.

ನಮಗೆ ಆಗ ಈ ಚರಿತ್ರೆ ಯಾವುದೂ ಗೊತ್ತಿರಲಿಲ್ಲ. ಬೂದು ಮೈ, ಹಿಂದಕ್ಕೆ ಬಾಗಿ ಮೇಲೆದ್ದ ಚೂಪು ಕೊಂಬು, ಹೊಸಬರನ್ನು ಕಂಡರೆ ತಲೆ ತಗ್ಗಿಸಿ ನಿಲ್ಲುವ ಬಗೆ, ಇಷ್ಟು ಗೊತ್ತಿತ್ತು. “ಆ ದನದ ಹತ್ರ ಹೋಗ್ಬೇಡ್ರೋ, ಹಾಯ್ತವೆ” ಎಂದು ಅಮ್ಮ ಕೂಗುವಷ್ಟರಲ್ಲಿ ನಾವು ಬೇಲಿಯಾಚೆ. ಕಾರೆ ಹಣ್ಣು, ಬಾರೆ ಹಣ್ಣು, ಕವಳೆ ಹಣ್ಣು. ಚಡ್ಡಿ ಜೇಬೆಲ್ಲ ಕಲೆ, ಕಾಲೆಲ್ಲ ಮುಳ್ಳು. ಜಾಲಿ ಮುಳ್ಳನ್ನು ಇನ್ನೊಂದು ಜಾಲಿ ಮುಳ್ಳಿನಿಂದಲೇ ಕೀಳುವುದನ್ನು ಅಲ್ಲಿ ಒಬ್ಬರಿಂದೊಬ್ಬರು ಕಲಿತೆವು. ಊರ ದನಗಳೂ ಕಾವಲಿನ ಅಂಚಿನಲ್ಲಿ ಬಾಯಾಡಿಸುತ್ತಿದ್ದವು. ಕಾವಲುಗಾರ ಕಂಡನೋ, ದನ ಹೊಡೆದುಕೊಂಡು ಓಟ.

ಸಂಜೆ ಮನೆಯಲ್ಲಿ ಅಟ್ಟದ ಕೆಲಸ ಕಾಯುತ್ತಿತ್ತು. ಬಲಿತ ಕಾಯಿಯನ್ನು ಅಟ್ಟಕ್ಕೆ ಹಾಕಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ ಒಳಗಿನ ನೀರು ಇಂಗಿ ಗಿಟುಕು ಚಿಪ್ಪಿನಿಂದ ತಾನೇ ಬಿಡಿಸಿಕೊಳ್ಳುತ್ತದೆ. ಅಲ್ಲಾಡಿಸಿ, ಲೊಟಲೊಟ ಎಂದದ್ದನ್ನು ಕೆಳಗಿಳಿಸುವುದು ಹುಡುಗರ ಪಾಲು. ಸುಲಿದು, ಚಿಪ್ಪು ಒಡೆದು, ಇಡೀ ಉಂಡೆ ತೆಗೆಯುವುದು ದೊಡ್ಡವರ ಕೈಚಳಕ. ಒಡಕಾದರೆ ತಿಪಟೂರು ಮಾರುಕಟ್ಟೆಯ ಹರಾಜಿನಲ್ಲಿ ಬೆಲೆ ಬೀಳುತ್ತಿತ್ತು. ಒಡಕು ಚೂರು ಬೆಲ್ಲದ ಜೊತೆ ನಮ್ಮ ಬಾಯಿಗೆ.

ಈಚೆಗೆ ಊರಿನಲ್ಲಿ ಕೆಲವರು ಕಾವಲನ್ನು ‘ಪಾಳು ಜಾಗ’ ಎನ್ನುತ್ತಾರೆ. ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಮ್ಮಪ್ಪ ಮುಂಗಾರಿಗೆ ಮುಂಚೆ ಪ್ರತಿ ತೆಂಗಿನ ಬುಡಕ್ಕೂ ಪಾತಿ ಬಿಡಿಸಿ ಮಂಕರಿಗಟ್ಟಲೆ ಕೊಟ್ಟಿಗೆ ಗೊಬ್ಬರ ಸುರಿಯುತ್ತಿದ್ದರು. ಆ ಗೊಬ್ಬರ ಕೊಟ್ಟ ದನಗಳ ಹೊಟ್ಟೆ ತುಂಬುತ್ತಿದ್ದದ್ದು ಆ ಪಾಳು ಜಾಗದಲ್ಲೇ.